ಎತ್ತಿನ ಪುಣ್ಯಸ್ಮರಣೆ: ಹೆಗಲು ಕೊಡುವವರು ಯಾರು?



ಯಾದಗಿರಿ, ಶಹಾಪುರ, ಸುರಪುರ ಭಾಗದ ಒಕ್ಕಲುತನದ ಮನೆಗಳಲ್ಲಿ ಎತ್ತು ಎಂದರೆ ಮನೆಮಗ. ಕಾಲುವೆ ನೀರು ಬಂತು, ಟ್ರ್ಯಾಕ್ಟರ್ ಬಂತು, ಎಷ್ಟೋ ಕೊಟ್ಟಿಗೆಗಳು ಖಾಲಿಯಾದವು. ಆದರೂ ವರ್ಷಗಟ್ಟಲೆ ನೊಗ ಹೊತ್ತ ಎತ್ತು ಸತ್ತರೆ ಮನೆಯವರಿಗೆ ಅಂದು ತುತ್ತು ಇಳಿಯುವುದಿಲ್ಲ. ಇಂಥ ಎತ್ತಿಗೆ, ಸಾಕಿದ ನಾಯಿಗೆ ಮೆರವಣಿಗೆ ಮಾಡಿ, ಭಾವಚಿತ್ರಕ್ಕೆ ಮಾಲೆ ಹಾಕಿ, ತಿಥಿಯೂಟ ಹಾಕಿಸಿದ ಸುದ್ದಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಆಗಾಗ ಬರುತ್ತದೆ. ಕೆಲವರು ನಗುತ್ತಾರೆ. ಕೆಲವರು ಇದು ನಮ್ಮ ಧರ್ಮಕ್ಕೆ ಒಪ್ಪುವುದೇ ಎಂದು ಕೇಳುತ್ತಾರೆ.

ನಗುವಂಥದ್ದು ಇದರಲ್ಲಿ ಏನೂ ಇಲ್ಲ. ಕನ್ನಡ ನಾಡಿನಲ್ಲಿ ಈ ಪ್ರೀತಿಗೆ ಸಾವಿರ ವರ್ಷ ದಾಟಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿಗೆ ಮಣಲೇರನೆಂಬ ವೀರ, ಹಂದಿಯೊಡನೆ ಹೋರಾಡಿ ಸತ್ತ ತನ್ನ ನಾಯಿ ಕಾಳಿಗಾಗಿ ಕಲ್ಲು ನೆಡಿಸಿದ. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅದೇ ಶಾಸನವನ್ನು ಪೂರ್ತಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕಲ್ಲಿಗೆ ಪೂಜೆ ಮಾಡಲು ಒಬ್ಬ ಗೊರವ, ಅದಕ್ಕೆ ಭೂಮಿ, ಪೂಜೆ ತಪ್ಪಿಸಿ ಉಂಡರೆ ಪಾಪವೆಂಬ ಎಚ್ಚರಿಕೆ. ಪ್ರೀತಿ ಹುಟ್ಟಿದ ಜಾಗದಲ್ಲೇ ಪೂಜಾರಿಯೂ ಭಯವೂ ಬಂದು ಕೂತಿದ್ದವು.

ಬಸವಾದಿ ಶರಣರು ಬಿಡಿಸಿದ್ದು ಈ ಗಂಟನ್ನೇ. ಪಂಚಸೂತಕಗಳನ್ನು ಅವರು ಅಲ್ಲಗಳೆದರು. ಪ್ರೇತಸೂತಕವೂ ಅದರಲ್ಲಿ ಸೇರಿದೆ. ಮನುಷ್ಯರಿಗೇ ಪಿಂಡ, ಶ್ರಾದ್ಧ ಬೇಡವೆಂದ ಧರ್ಮದವರು ಮೂಕಪ್ರಾಣಿಗೆ ತಿಥಿಯನ್ನು ಯಾಕೆ ಕಟ್ಟಬೇಕು? ಎತ್ತು 'ಲಿಂಗೈಕ್ಯ'ವಾಯಿತೆಂದು ಬ್ಯಾನರ್ ಹಾಕುವುದೂ ಸರಿಯಲ್ಲ. ಲಿಂಗೈಕ್ಯವೆಂಬುದು ಇಷ್ಟಲಿಂಗ ಹಿಡಿದು ಬಾಳಿದವರ ಸಾಧನೆಯ ಮಾತು. ಎತ್ತಿಗೆ ಆ ಬಿರುದಿನ ಹಂಗಿಲ್ಲ. ತನ್ನ ಕಾಯಕವನ್ನು ಅದು ಚುಕ್ತಾ ಮಾಡಿಯೇ ಹೋಗಿದೆ. ಸಾಲ ಮಾಡಿ ಊರೂಟ ಹಾಕಿಸಿದರೆ ಅದರ ಋಣ ತೀರುವುದಿಲ್ಲ, ಸಾಹುಕಾರನ ಋಣ ಬೆಳೆಯುತ್ತದೆ.

ಹಾಗಾದರೆ ಸ್ಮರಣೆಯೇ ಬೇಡವೇ? ಬೇಕು. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಸತ್ತ ಎತ್ತನ್ನು ಕೊಟ್ಟಿಗೆಯಿಂದ ಹೊರಗೆ ತಂದವರು ಯಾರು?

ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಜಗುಲಿಯ ಮೇಲಿಟ್ಟು ಪೂಜಿಸುತ್ತೇವೆ. ದುಡಿದ ಎತ್ತು ಸತ್ತ ದಿನ ಮಾತ್ರ ಅದನ್ನು ಮುಟ್ಟಲು ಹಿಂಜರಿದು, ಮಾದಿಗರ ಓಣಿಗೆ ಹೇಳಿ ಕಳಿಸುವ ಹಳೆಯ ಚಾಳಿ ನಮ್ಮಲ್ಲಿದೆ. ಕಲ್ಲಿನ ಹಾವಿಗೆ ಹಾಲೆರೆದು ಜೀವಂತ ಹಾವನ್ನು ಕೊಲ್ಲುವವರನ್ನು ಬಸವಣ್ಣನವರು ಹಂಗಿಸಿದ್ದು ನಮಗೂ ತಾಗುವುದಿಲ್ಲವೇ? ಬದುಕಿದ್ದಾಗ ಮನೆಮಗನಾಗಿದ್ದ ಎತ್ತು ಸತ್ತ ಕೂಡಲೇ ಮೈಲಿಗೆಯಾಗುವುದು ಹೇಗೆ? ಅದನ್ನು ಹೊರುವವರೂ ಮೈಲಿಗೆಯವರಾಗುವುದು ಹೇಗೆ?

ಮಾದಾರ ಚನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ಬಸವಣ್ಣನವರು ತಮ್ಮ ಬಂಧುಗಳೆಂದರು. ನಮ್ಮ ಕೆಂಭಾವಿಯ ಭೋಗಣ್ಣನವರ ಕಥೆಯನ್ನೇ ನೆನೆಯಿರಿ. ಹೊಲೆಯನೆನಿಸಿಕೊಂಡ ಜಂಗಮನಿಗೆ ಮನೆಯೊಳಗೆ ದಾಸೋಹ ಮಾಡಿದ್ದಕ್ಕೆ ಊರವರು ಅವರನ್ನು ಹೊರಗೆ ಹಾಕಿದರಂತೆ. ಊರಿನ ಲಿಂಗಗಳೆಲ್ಲ ಅವರ ಬೆನ್ನು ಹತ್ತಿ ಹೊರಟವಂತೆ. ಈ ಕಥೆಯನ್ನು ಪುರಾಣ ಪ್ರವಚನದಲ್ಲಿ ಕೇಳಿ ತಲೆದೂಗಿ, ಮನೆಗೆ ಬಂದು ಹೆಣ ಹೊರಲು ಓಣಿಗೆ ಆಳು ಕಳಿಸಿದರೆ ಕೇಳಿದ್ದು ದಂಡ. ಕಾನೂನೂ ಇದನ್ನು ಸುಮ್ಮನೆ ನೋಡುವುದಿಲ್ಲ. 2015ರಲ್ಲಿ ತಿದ್ದುಪಡಿಯಾದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಆ ಸಮುದಾಯದವರಿಂದ ಸತ್ತ ಪ್ರಾಣಿಯನ್ನು ಹೊರಿಸುವುದು ಅಪರಾಧ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಮನೆಯ ಎತ್ತಿಗೆ ಮನೆಯವರೇ ಹೆಗಲು ಕೊಡಲಿ. ಮಕ್ಕಳು, ಅಣ್ಣತಮ್ಮಂದಿರು ಸೇರಿ ಹೊಲದಲ್ಲಿ ಬಾವಿ, ಹಳ್ಳಗಳಿಂದ ದೂರದಲ್ಲಿ ಗುಂಡಿ ತೋಡಲಿ. ಟ್ರ್ಯಾಕ್ಟರ್ ಬೇಕಾದರೆ ಮನೆಯವರೇ ಜೊತೆಗಿರಲಿ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ದನಕರುಗಳನ್ನು ಕಾಡಿದ್ದು ನೆನಪಿರಬೇಕು. ರೋಗದ ಅನುಮಾನವಿದ್ದರೆ ಮುಟ್ಟುವ ಮೊದಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಲಿ. ಅದರ ಮೇಲೆ ಒಂದು ಬೇವಿನ ಸಸಿ ಸಾಕು.

ಸ್ಮರಣೆಯ ದಿನ ಮಂತ್ರ, ದಕ್ಷಿಣೆ ಬೇಡ. ಮನೆಮಂದಿ ಕೂತು ನಾಲ್ಕು ವಚನ ಹೇಳಲಿ. ಊಟ ಹಾಕುವ ಶಕ್ತಿಯಿದ್ದರೆ ಎಲ್ಲ ಓಣಿಯವರೂ ಒಂದೇ ಪಂಕ್ತಿಯಲ್ಲಿ ಕೂಡಲಿ. ಇಲ್ಲದಿದ್ದರೆ ನಮ್ಮ ಬಿರುಬೇಸಿಗೆಯಲ್ಲಿ ದನ, ನಾಯಿ, ಹಕ್ಕಿಗಳಿಗೆ ಒಂದು ತೊಟ್ಟಿ ನೀರು ತುಂಬಿಸಿಟ್ಟರೂ ಅದು ದಾಸೋಹವೇ. ಮಠಗಳು ಮುಂದೆ ನಿಂತು ಈ ರೂಢಿಯನ್ನು ಹಾಕಿಕೊಟ್ಟರೆ, ಎತ್ತಿನ ಋಣದ ಜೊತೆಗೆ ಅದನ್ನು ತಲೆಮಾರುಗಳ ಕಾಲ ಹೊತ್ತವರ ಋಣವನ್ನೂ ತೀರಿಸಲು ಆರಂಭಿಸಿದಂತೆ ಆಗುತ್ತದೆ.