ಚಂದ್ರನ ಮಾಹಿತಿ ಪುಕ್ಕಟೆ ಇರುವಾಗ ಪ್ರಾಜೆಕ್ಟ್ ಕೊಳ್ಳುವುದೇಕೆ?

ನನ್ನೂರು ವಿಜಯಪುರ ಜಿಲ್ಲೆಯ ಕಳ್ಳಕವಟಗಿ. ಓದುತ್ತಿರುವುದು ಮೂರನೇ ವರ್ಷದ ಬಿಇ. ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಗೆಳೆಯರು ದುಡ್ಡು ಕೂಡಿಸಿ ರೆಡಿಮೇಡ್ ಮಿನಿ ಪ್ರಾಜೆಕ್ಟ್ ಕೊಂಡುತಂದೆವು. ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ‘ಈ ಸೆನ್ಸರ್ ತೋರಿಸುವ ಅಂಕಿ ಎಲ್ಲಿಂದ ಬರುತ್ತದೆ?’ ನಾಲ್ವರೂ ತಲೆ ತಗ್ಗಿಸಿದೆವು. ಅಂಕ ಬಂತು, ಮರ್ಯಾದೆ ಹೋಯಿತು.

ರಜೆಯಲ್ಲಿ ಚಂದ್ರಯಾನದ ಬಗ್ಗೆ ಓದುವಾಗ ಅದೇ ‘ಎಲ್ಲಿಂದ?’ ಮತ್ತೆ ಎದುರಾಯಿತು. ಚಂದ್ರನಲ್ಲಿ ಗಾಳಿ ಇಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಚಂದ್ರ ಮತ್ತು ಬುಧ ಗ್ರಹದ ಸುತ್ತ ಅತಿ ತೆಳುವಾದ ಹೊದಿಕೆಯೊಂದಿದೆ. ಅದೇ ಬಾಹ್ಯಗೋಳ. ಅಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೂ ಅಪರೂಪ. ಬುಧನ ಸುತ್ತ ಸೋಡಿಯಂ ಇರುವುದು 1985ರಲ್ಲಿ, ಚಂದ್ರನ ಸುತ್ತ ಇರುವುದು 1988ರಲ್ಲಿ ತಿಳಿಯಿತು. ಅದು ಬಾಹ್ಯಾಕಾಶಕ್ಕೆ ಸೋರಿಹೋಗುತ್ತಲೇ ಇರುತ್ತದೆ, ಆದರೂ ಬರಿದಾಗುವುದಿಲ್ಲ.

ಪೂರೈಸುವುದು ಅಲ್ಲಿನ ನೆಲವೇ. ಸೂರ್ಯನ ನೇರಳಾತೀತ ಕಿರಣ ಬಿದ್ದಾಗ ಮಣ್ಣಿನ ಕಣಕ್ಕೆ ಸಡಿಲವಾಗಿ ಅಂಟಿಕೊಂಡ ಸೋಡಿಯಂ ಮೇಲೇಳುತ್ತದೆ. ಸೌರಮಾರುತದ ಕಣಗಳು ಬಡಿದು ಇನ್ನಷ್ಟು ಚಿಮ್ಮಿಸುತ್ತವೆ. ಸೂಕ್ಷ್ಮ ಉಲ್ಕೆಗಳು ಅಪ್ಪಳಿಸಿ ಕಲ್ಲನ್ನೇ ಆವಿ ಮಾಡುತ್ತವೆ. ಹಗಲಲ್ಲಿ ಸುಮಾರು 430 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಬುಧನಲ್ಲಿ ಬಿಸಿಯೂ ಕೈಜೋಡಿಸುತ್ತದೆ. ಚಂದ್ರನ ಆರ್ಗಾನ್-40 ಮಾತ್ರ ಒಳಗಿನಿಂದ ಬರುವಂಥದ್ದು. ಶಿಲೆಯಲ್ಲಿನ ಪೊಟ್ಯಾಸಿಯಂ-40 ವಿಕಿರಣ ಸೂಸಿ ಕ್ಷಯಿಸಿದಾಗ ಅದು ಹುಟ್ಟುತ್ತದೆ.

ಇದನ್ನು ಅಳೆದವರಲ್ಲಿ ನಮ್ಮವರೂ ಇದ್ದಾರೆ. 2019ರಲ್ಲಿ ಹಾರಿದ ಚಂದ್ರಯಾನ-2ರ ‘ಕ್ಲಾಸ್’ ಎಂಬ ಎಕ್ಸ್-ರೇ ಉಪಕರಣ ತಯಾರಾದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಚಂದ್ರನ ನೆಲದಲ್ಲಿ ಸೋಡಿಯಂ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಮೊದಲ ಬಾರಿಗೆ ಕೊಟ್ಟದ್ದು ಅದೇ. ಅದರ ಸ್ವಲ್ಪ ಭಾಗ ಕಣಗಳ ಮೇಲೆ ತೆಳು ಪದರವಾಗಿ, ಸಡಿಲವಾಗಿ ಕೂತಿದೆ ಎಂಬ ಸುಳಿವು 2022ರಲ್ಲಿ ಪ್ರಕಟವಾಯಿತು. ಅದೇ ನೌಕೆಯ ‘ಚೇಸ್-2’ ಆರ್ಗಾನ್ ಅಳೆಯಿತು. 2024ರ ಮೇ 10ರಂದು ಸೂರ್ಯನಿಂದ ಸಿಡಿದ ರಾಶಿ ಬಡಿದಾಗ ಚಂದ್ರನ ಬಾಹ್ಯಗೋಳದ ಸಾಂದ್ರತೆ ಹತ್ತು ಪಟ್ಟಿಗೂ ಹೆಚ್ಚು ಏರಿದ್ದನ್ನು ಕಂಡಿತು.

ನಮಗೆ ಮುಖ್ಯವಾದ ಮಾತು ಮುಂದಿದೆ. ಈ ದತ್ತಾಂಶ ಇಸ್ರೊದ ‘ಪ್ರದಾನ್’ ಪೋರ್ಟಲ್‌ನಲ್ಲಿದೆ. ಹೆಸರು ನೋಂದಾಯಿಸಿದರೆ ಸಾಕು, ಶುಲ್ಕವಿಲ್ಲ. ಬಿಡಿಸಿ ನೋಡಲು ಬೇಕಾದ ಪೈಥಾನ್ ಕೂಡ ಪುಕ್ಕಟೆ. ಬಾಹ್ಯಾಕಾಶವೆಂದರೆ ಬೆಂಗಳೂರಿನವರಿಗಷ್ಟೇ ಎಂದು ನಾವೇ ಅಂದುಕೊಂಡು, ಗೊತ್ತಿಲ್ಲದ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ.

‘ಇದನ್ನ ಕಲತ್ರ ನೌಕರಿ ಸಿಗತೈತೇನಪಾ?’ ಅಪ್ಪ ಕೇಳಿದ. ಸಿಕ್ಕೇ ಸಿಗುತ್ತದೆ ಎಂದು ಸುಳ್ಳು ಹೇಳಲಾಗಲಿಲ್ಲ. ಆದರೆ ಕೊಂಡ ಪ್ರಾಜೆಕ್ಟೂ ನೌಕರಿ ಕೊಡುವುದಿಲ್ಲ. ಸಂದರ್ಶನದಲ್ಲಿ ‘ಇದರಲ್ಲಿ ನೀನು ಮಾಡಿದ್ದೇನು?’ ಎಂದು ಕೇಳಿದರೆ, ಗದ್ದಲದ ಸಂಕೇತದಿಂದ ಸೋಡಿಯಂ ಗೆರೆಯನ್ನು ಬೇರ್ಪಡಿಸಿದವನಿಗೆ ಹೇಳಲು ಏನಾದರೂ ಇರುತ್ತದೆ. ಅದೇ ಕೈಚಳಕ ವೈದ್ಯಕೀಯ ಉಪಕರಣಕ್ಕೂ, ಕಾರ್ಖಾನೆಯ ಸೆನ್ಸರ್‌ಗೂ ಬೇಕು.

ಕಾಲೇಜುಗಳೂ ಬೈಂಡಿಂಗ್ ನೋಡಿ ಅಂಕ ಕೊಡುವುದನ್ನು ಬಿಡಲಿ. ಅರ್ಧಂಬರ್ಧ ಆದರೂ ಸ್ವಂತ ಕೆಲಸಕ್ಕೆ ಬೆಲೆ ಕೊಡಲಿ. ನಾವು ನಾಲ್ವರು ಕೊನೆಯ ವರ್ಷಕ್ಕೆ ಕ್ಲಾಸ್ ದತ್ತಾಂಶವನ್ನೇ ಆರಿಸಿಕೊಂಡಿದ್ದೇವೆ. ಮೊದಲ ಗ್ರಾಫ್ ಪೂರ್ತಿ ತಪ್ಪಾಗಿ ಬಂದಿದೆ. ಆದರೆ ಎಲ್ಲಿ ತಪ್ಪಿತು ಎಂದು ಈ ಸಲ ಯಾರು ಕೇಳಿದರೂ ಹೇಳಬಲ್ಲೆವು.