ಕಿವಿಯ ಸಾಕ್ಷ್ಯವನ್ನೂ ಕೇಳಬೇಕು

ಬೆಂಗಳೂರಿನಲ್ಲಿ ಬೇಗೂರಿನಿಂದ ಬೊಮ್ಮನಹಳ್ಳಿಯತ್ತ ಸಾಗುವ ರಸ್ತೆಯ ಆಸ್ಪತ್ರೆಗಳನ್ನು ಶಸ್ತ್ರಚಿಕಿತ್ಸೆಗಾಗಿ ಪ್ರವೇಶಿಸುವವರು ಸರ್ಜನ್ನರ ಕೈಗುಣವನ್ನೂ ಕೊಠಡಿಯ ಬಾಡಿಗೆಯನ್ನೂ ವಿಮೆಯ ಮಿತಿಯನ್ನೂ ಕೂಲಂಕಷವಾಗಿ ವಿಚಾರಿಸುವರೇ ಹೊರತು, ತಮ್ಮ ಪ್ರಜ್ಞೆಯನ್ನು ಯಾರ ವಶಕ್ಕೊಪ್ಪಿಸುತ್ತಿರುವೆವು, ಅರಿವಳಿಕೆಯ ಆಳವನ್ನು ಅವರು ಯಾವುದರಿಂದ ಅಳೆಯುವರು ಎಂದು ಕೇಳುವುದು ಅಪರೂಪ.

1846ರಲ್ಲಿ ಬಾಸ್ಟನ್ನಿನಲ್ಲಿ ಈಥರಿನ ಬಹಿರಂಗ ಪ್ರಯೋಗ ನಡೆದಂದಿನಿಂದಲೂ ಉಸಿರು, ನಾಡಿ, ಕಣ್ಣಿನ ಪಾಪೆ, ಅಂಗಚಲನೆಗಳೇ ಈ ಅಳತೆಗೆ ಮುಖ್ಯ ಆಧಾರಗಳಾಗಿ ಬಂದವು. ಆದರೆ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟ ಮೇಲೆ, ಒಳಗೆ ಎಚ್ಚರವಿರುವವನೂ ಬೆರಳನ್ನಲ್ಲಾಡಿಸಲಾರ. ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಿದ್ದುದಾಗಿ ರೋಗಿಗಳು ತಾವಾಗಿ ಹೇಳಿಕೊಂಡ ಪ್ರಸಂಗಗಳು ಸುಮಾರು 19,000 ಅರಿವಳಿಕೆಗಳಿಗೆ ಒಂದೆಂದು 2014ರ ಬ್ರಿಟನ್ನಿನ ಸಮೀಕ್ಷೆ ಲೆಕ್ಕ ಹಾಕಿತು. ವಿರಳವೇ ಸರಿ, ಅನುಭವಿಸಿದವನಿಗೆ ಅದರಿಂದೇನು ಸಮಾಧಾನ?

ಇಲ್ಲಿಯೇ ಶಬ್ದವು ನೆರವಿಗೆ ಬರುವುದು. ರೋಗಿಯ ಕಿವಿಗೆ ಟಿಕ್ ಟಿಕ್ಕೆಂಬ ಸದ್ದನ್ನು ಕೇಳಿಸುತ್ತ ತಲೆಯ ಮೇಲಿನ ಎಲೆಕ್ಟ್ರೋಡುಗಳಿಂದ ವಿದ್ಯುತ್ ಸಂಕೇತವನ್ನು ಪಡೆದರೆ, ಮೊದಲ 10 ಮಿಲಿಸೆಕೆಂಡುಗಳಲ್ಲಿ ಮಿದುಳಕಾಂಡದ ಉತ್ತರವೂ, ತರುವಾಯ 100ರೊಳಗೆ ಮೇಲಣ ಕೇಂದ್ರಗಳ ಉತ್ತರವೂ ತರಂಗರೂಪದಲ್ಲಿ ಮೂಡುವುವು. ಮಿದುಳಕಾಂಡದ ತರಂಗಗಳು ಅರಿವಳಿಕೆಗೆ ಅಷ್ಟಾಗಿ ಜಗ್ಗವು. ಎರಡನೆಯವಾದರೋ, ಔಷಧದ ಪ್ರಮಾಣ ಏರಿದಂತೆ ಕುಗ್ಗುತ್ತ, ತಡವಾಗುತ್ತ ಹೋಗುವುವು. ಅವುಗಳ ಎತ್ತರ ಮೈಕ್ರೋವೋಲ್ಟಿನ ಆಸುಪಾಸಿನದಾದ್ದರಿಂದ, ಸಂತೆಯ ಗದ್ದಲದಲ್ಲಿ ಒಂದೇ ಕೂಗನ್ನು ಮತ್ತೆ ಮತ್ತೆ ಆಲಿಸಿ ಗುರುತಿಸುವಂತೆ, ನೂರಾರು ಟಿಕ್ಕುಗಳ ಉತ್ತರಗಳನ್ನು ಸರಾಸರಿಗೊಳಿಸಿ ಅವನ್ನು ಹೊರತೆಗೆಯಬೇಕಾಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ವೈದ್ಯರು ತಮಗಾಗಿ ಹಾಡು ಹಾಕಿಕೊಳ್ಳುವುದುಂಟಷ್ಟೆ. ರೋಗಿಯ ಕಿವಿಗೂ ಕೊಂಚ ಕೆಲಸವಿರಲಿ!

ಕೇವಲ ಇಇಜಿಯನ್ನು, ಎಂದರೆ ಮಿದುಳಿನ ವಿದ್ಯುತ್ ತರಂಗಗಳ ದಾಖಲೆಯನ್ನು, ಆಧರಿಸಿ ಅರಿವಳಿಕೆಯ ಆಳವನ್ನು ಅಂಕಿಯಾಗಿ ತೋರುವ, 40ರಿಂದ 60ರೊಳಗಿನ ಅಂಕಿಯನ್ನು ಗುರಿಯಾಗಿ ಇರಿಸಿಕೊಂಡ ಯಂತ್ರಗಳು ಬಳಕೆಯಲ್ಲಿವೆ. ಅವು ಮಿದುಳು ತಾನಾಗಿ ನುಡಿದುದನ್ನು ದಾಖಲಿಸುವುವು, ಶಬ್ದವಿಧಾನವು ಮಿದುಳನ್ನೇ ಪ್ರಶ್ನಿಸಿ ಉತ್ತರವನ್ನು ಹೊರಡಿಸುವುದು. ಈ ಎರಡನೆಯ ಮಾರ್ಗವೇ ನನಗೆ ಹೆಚ್ಚು ಯುಕ್ತವೆಂದು ತೋರುತ್ತದೆ. ಆದರೂ ಕಿವುಡರಲ್ಲಿ ಇದು ಕೆಲಸಕ್ಕೆ ಬಾರದು, ಕೆಟಮಿನ್ ಎಂಬ ಅರಿವಳಿಕೆ ಔಷಧವನ್ನು ಕೊಟ್ಟಾಗ ತರಂಗಗಳು ಹೆಚ್ಚು ಬದಲಾಗವು. ಆದಕಾರಣ ಯಂತ್ರದ ಸೂಚನೆ ಸಾಕ್ಷಿಯಾಗತಕ್ಕದ್ದು, ನ್ಯಾಯಾಧೀಶನಾಗತಕ್ಕದ್ದಲ್ಲ.

ಈ ವಿದ್ಯೆ ನಮಗೆ ಪರಕೀಯವೇನೂ ಅಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸುಗಳ ಶ್ರವಣವನ್ನು ಪರೀಕ್ಷಿಸುವುದು ಇಂಥದೇ ಸದ್ದುಗಳಿಂದ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ಅರಿವಳಿಕೆಗೆಂದೇ ಪ್ರತ್ಯೇಕ ವಿಭಾಗವುಂಟು. ಇಂಥ ಸಂಸ್ಥೆಗಳು ಜೊತೆಗೂಡಿ, ನಮ್ಮ ರೋಗಿಗಳಲ್ಲಿ ಈ ವಿಧಾನ ಎಷ್ಟು ನಂಬಲರ್ಹವೆಂಬುದನ್ನು ಪರಿಶೀಲಿಸಿ ಪ್ರಕಟಿಸಬೇಕು. ಅಷ್ಟರೊಳಗೆ, ಸ್ನಾಯು ಸಡಿಲಿಸುವ ಔಷಧವನ್ನು ಬಳಸುವಲ್ಲೆಲ್ಲ ಅರಿವಳಿಕೆಯ ಆಳವನ್ನು ಹೇಗೆ ಗಮನಿಸಲಾಗುವುದೆಂಬುದನ್ನು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿಯೇ ನಮೂದಿಸುವಂತೆ ಸರ್ಕಾರ ವಿಧಿಸಬೇಕು.