ಕಾಣುವುದು, ಕಾಣಿಸಿಕೊಳ್ಳುವುದು

ಎತ್ತಿನ ಬಂಡಿಯೇ ಪ್ರಯಾಣದ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ, ರಾತ್ರಿಯ ದಾರಿ ಹಿಡಿದ ರೈತನು ಬಂಡಿಯ ಅಡಿಯಲ್ಲಿ ಒಂದು ಲಾಟೀನನ್ನು ತೂಗುಹಾಕುತ್ತಿದ್ದನು. ಆ ಮಂದವಾದ ಬೆಳಕಿನಿಂದ ಎತ್ತುಗಳಿಗೆ ದಾರಿ ಕಾಣುತ್ತಿರಲಿಲ್ಲ. ಅವುಗಳಿಗೆ ಅದರ ಅಗತ್ಯವೂ ಇರಲಿಲ್ಲ. ಊರಿನ ದಾರಿ ಅವುಗಳ ಕಾಲಿಗೇ ಗೊತ್ತಿತ್ತು. ಹಾಗಾದರೆ ಆ ಲಾಟೀನು ಯಾರಿಗಾಗಿ ಉರಿಯುತ್ತಿತ್ತು? ಎದುರಿನಿಂದ ಬರುವವರಿಗಾಗಿ, ಹಿಂದಿನಿಂದ ಬರುವವರಿಗಾಗಿ. ದೀಪಕ್ಕೆ ಎರಡು ಕೆಲಸಗಳುಂಟು. ದಾರಿಯನ್ನು ತೋರಿಸುವುದು ಒಂದು. ದಾರಿಯಲ್ಲಿರುವವನನ್ನು ಪರರಿಗೆ ತೋರಿಸುವುದು ಇನ್ನೊಂದು. ಅಕ್ಷರ ಬಾರದ ಬಂಡಿಕಾರನು ಚೆನ್ನಾಗಿ ಅರಿತಿದ್ದ ಈ ಎರಡನೆಯ ಕೆಲಸವನ್ನು ಮೋಟಾರು ಯುಗವು ಮರೆತಂತೆ ತೋರುತ್ತದೆ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸಿಕೊಂಡು ಬಳ್ಳಾರಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯನ್ನು ಸಂಜೆಯ ವೇಳೆಯಲ್ಲಿ ನೋಡಿದವರಿಗೆ ಈ ಮಾತಿನ ಅರ್ಥ ಹೊಳೆಯುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರಿನ ಸೀಮೆ ಭತ್ತದ ಕಣಜವಾಗಿದೆ. ಸುಗ್ಗಿ ಬಂದಿತೆಂದರೆ ಮೂಟೆ ಹೊತ್ತ ಲಾರಿಗಳು, ಹುಲ್ಲು ತುಂಬಿದ ಟ್ರ್ಯಾಕ್ಟರುಗಳು ರಸ್ತೆಯನ್ನು ತುಂಬುತ್ತವೆ. ಅವುಗಳ ನಡುವೆಯೇ ವಳಕಮದಿನ್ನಿಯಂತಹ ಹಳ್ಳಿಗಳ ಜನರು ಮೋಟಾರ್ ಸೈಕಲ್ಲುಗಳಲ್ಲಿ ಓಡಾಡುತ್ತಾರೆ. ಸಂತೆಗೆ, ಆಸ್ಪತ್ರೆಗೆ, ಗೊಬ್ಬರದ ಅಂಗಡಿಗೆ, ಮಗಳ ಊರಿಗೆ ಹೋಗಲು ಹಳ್ಳಿಯ ಸಂಸಾರಕ್ಕೆ ಇಂದು ಅದೇ ಬಂಡಿ, ಅದೇ ಕುದುರೆ. ಹೊತ್ತು ಮುಳುಗಿ ದೀಪ ಹತ್ತುವ ಆ ಮಬ್ಬಿನಲ್ಲಿ ಮನೆಯವರು ಬಾಗಿಲ ಕಡೆ ನೋಡುತ್ತಾ ಕುಳಿತಿರುತ್ತಾರೆ.

ಈ ಕಾಯುವಿಕೆ ಕೆಲವು ಮನೆಗಳಲ್ಲಿ ಮುಗಿಯುವುದೇ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಜನರು ದ್ವಿಚಕ್ರ ವಾಹನಗಳ ಮೇಲಿದ್ದವರು. ಶಿರಸ್ತ್ರಾಣ ಧರಿಸಬೇಕೆಂದು ಕಾನೂನು ವಿಧಿಸುತ್ತದೆ, ಅದು ಸರಿಯಾದುದೇ. ಆದರೆ ಶಿರಸ್ತ್ರಾಣವು ಕಾಪಾಡುವುದು ಪೆಟ್ಟು ಬಿದ್ದ ಮೇಲೆ. ಪೆಟ್ಟೇ ಬೀಳದಂತೆ ತಡೆಯುವ ಉಪಾಯಗಳಲ್ಲಿ ಮುಖ್ಯವಾದುದು ಸವಾರನು ಇತರ ಚಾಲಕರ ಕಣ್ಣಿಗೆ ಸಕಾಲದಲ್ಲಿ ಬೀಳುವುದು.

ಇಷ್ಟು ದೊಡ್ಡ ವಾಹನ, ಅದರ ಮೇಲೊಬ್ಬ ಮನುಷ್ಯ. ಕಣ್ಣಿದ್ದವರಿಗೆ ಕಾಣದೆ ಹೋಗುವುದುಂಟೆ ಎಂದು ಕೇಳಬಹುದು. ಉಂಟು. ಅದಕ್ಕೆ ಮಸ್ಕಿಯ ಬೆಟ್ಟದ ಬಂಡೆಯೇ ಸಾಕ್ಷಿ. ಅಶೋಕ ಚಕ್ರವರ್ತಿಯ ಶಾಸನವು ಅಲ್ಲಿ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಯಲಲ್ಲೇ ಇತ್ತು. ದನ ಕಾಯುವವರೂ ದಾರಿಹೋಕರೂ ಆ ಬೆಟ್ಟದ ಬಳಿ ಹಾದುಹೋಗುತ್ತಲೇ ಇದ್ದರು. ಆದರೂ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಗುರುತಿಸುವವರೆಗೆ ಅದು ಶಾಸನವೆಂದು ಲೋಕಕ್ಕೆ ತಿಳಿದಿರಲಿಲ್ಲ. ಕಣ್ಣಿಗೆ ಬೀಳುವುದು ಬೇರೆ, ಮನಸ್ಸಿಗೆ ಬೀಳುವುದು ಬೇರೆ.

ರಸ್ತೆಯಲ್ಲಿಯೂ ಹೀಗೆಯೇ ಆಗುತ್ತದೆ. ಅಮೆರಿಕದ ಹ್ಯಾರಿ ಹರ್ಟ್ ಎಂಬ ಸಂಶೋಧಕರೂ ಅವರ ಸಂಗಡಿಗರೂ ಲಾಸ್ ಏಂಜಲೀಸ್ ಪ್ರದೇಶದ ಒಂಬೈನೂರು ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ 1981ರಲ್ಲಿ ವರದಿ ನೀಡಿದರು. ಇನ್ನೊಂದು ವಾಹನದೊಡನೆ ಸಂಭವಿಸಿದ ಡಿಕ್ಕಿಗಳಿಗೆ ಪ್ರಧಾನ ಕಾರಣವೆಂದು ಅವರು ಕಂಡುಕೊಂಡದ್ದು, ಆ ವಾಹನದ ಚಾಲಕನು ಮೋಟಾರ್ ಸೈಕಲ್ಲನ್ನು ಗಮನಿಸದೆ ಹೋದುದನ್ನು.

ಇದಕ್ಕೆ ಕಾರಣಗಳು ಹಲವು. ಮುಂದಿನಿಂದ ನೋಡಿದಾಗ ಮೋಟಾರ್ ಸೈಕಲ್ ಒಂದು ಕಡ್ಡಿಯಷ್ಟು ಕಿರಿದು. ಕಾರಿನ ಗಾಜಿನ ಪಕ್ಕದ ಕಂಬವೊಂದೇ ಅದನ್ನು ಪೂರ್ತಿಯಾಗಿ ಮರೆಮಾಡಬಲ್ಲುದು. ನೇರವಾಗಿ ಎದುರು ಬರುವ ವಸ್ತುವು ಅತ್ತಿತ್ತ ಸರಿಯುವುದಿಲ್ಲವಾದ್ದರಿಂದ ಅದು ಚಲಿಸುತ್ತಿದೆಯೆಂಬ ಅರಿವೇ ತಡವಾಗಿ ಮೂಡುತ್ತದೆ. ಚಿಕ್ಕದಾಗಿ ಕಂಡದ್ದನ್ನು ದೂರದಲ್ಲಿದೆಯೆಂದು ಮನಸ್ಸು ಭಾವಿಸುತ್ತದೆ. ಅಷ್ಟರಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಸವಾರನು ಕ್ಷಣವೊಂದಕ್ಕೆ ಹದಿನಾರು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತಾನೆ. ಎಲ್ಲಕ್ಕೂ ಮಿಗಿಲಾಗಿ, ಲಾರಿಯನ್ನೂ ಬಸ್ಸನ್ನೂ ಮಾತ್ರ ನಿರೀಕ್ಷಿಸುವ ಮನಸ್ಸು ನಿರೀಕ್ಷಿಸದ್ದನ್ನು ಬಿಟ್ಟುಬಿಡುತ್ತದೆ.

ಈ ಕೊರತೆಗೆ ಮದ್ದಿಲ್ಲದೆ ಇಲ್ಲ. ಮಲೇಷ್ಯಾ ದೇಶವು 1992ರಲ್ಲಿ ಮೋಟಾರ್ ಸೈಕಲ್ಲುಗಳು ಹಗಲಿನಲ್ಲಿಯೂ ಮುಂದೀಪ ಉರಿಸಬೇಕೆಂದು ವಿಧಿಸಿತು. ಕಾಣದೆ ಆಗುವ ಡಿಕ್ಕಿಗಳು ಅದರಿಂದ ಇಳಿಮುಖವಾದವು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಳೆಯುವ ಉಡುಪು ತೊಟ್ಟ ಸವಾರರಿಗೆ ಗಾಯದ ಅಪಾಯವು ನೂರಕ್ಕೆ 37ರಷ್ಟು ಕಡಿಮೆಯಿದ್ದುದು ಕಂಡುಬಂದಿತು. ಕಪ್ಪು ಶಿರಸ್ತ್ರಾಣದವರಿಗಿಂತ ಬಿಳಿಯ ಶಿರಸ್ತ್ರಾಣದವರಿಗೆ ಅದು ನೂರಕ್ಕೆ 24ರಷ್ಟು ಕಡಿಮೆಯಿತ್ತು. ಭಾರತದಲ್ಲಿಯೂ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ ಚಾಲೂ ಆದೊಡನೆ ತಾನಾಗಿಯೇ ಹೊತ್ತಿಕೊಳ್ಳುವಂತೆ ನಿಯಮ ಬಂದಿತು. ಆಗ ಎದುರಿಗೆ ಬರುವವರೆಲ್ಲರೂ ಕೈಬೆರಳುಗಳನ್ನು ಮುಚ್ಚಿ ತೆರೆದು, "ದೀಪ ಆರಿಸು" ಎಂದು ಸನ್ನೆ ಮಾಡುತ್ತಿದ್ದರು. ಸದುದ್ದೇಶದ ಆ ಸನ್ನೆಯೇ ಒಂದು ತಪ್ಪು ತಿಳಿವಳಿಕೆಯ ಗುರುತು. ದೀಪವೆಂದರೆ ಕತ್ತಲೆಯಲ್ಲಿ ದಾರಿ ನೋಡಲು ಮಾತ್ರವೆಂದು ಜನರು ನಂಬಿದ್ದರು. ಬಂಡಿಯ ಲಾಟೀನು ಅವರ ನೆನಪಿನಲ್ಲಿ ಉಳಿದಿರಲಿಲ್ಲ.

ರಾತ್ರಿಯ ಸಮಸ್ಯೆ ಇನ್ನೂ ಕಠಿಣವಾದುದು. ಚಳಿಗಾಲದಲ್ಲಿ ಕರಿಯ ಕಂಬಳಿ ಹೊದ್ದು ಹೊರಟ ಸವಾರನು ಕತ್ತಲೆಯಲ್ಲಿ ಕತ್ತಲೆಯಾಗಿ ಬೆರೆತುಹೋಗುತ್ತಾನೆ. ಗದ್ದೆಯ ಕೆಸರು ಹಿಂದೀಪವನ್ನು ಮುಚ್ಚಿರುತ್ತದೆ. ಹೇರಿಕೊಂಡ ಮೇವಿನ ಹೊರೆ ಉಳಿದ ಬೆಳಕನ್ನೂ ನುಂಗುತ್ತದೆ. ಇಲ್ಲಿ ನೆರವಿಗೆ ಬರುವುದು ಪೇಟೆಯ ಜನರು 'ರೇಡಿಯಂ' ಎಂದು ಕರೆಯುವ ಪಟ್ಟಿ. ಹೆಸರು ರೇಡಿಯಂ ಆದರೂ ಆ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿರುವ ಅತಿ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಲಾರಿಯ ದೀಪದ ಬೆಳಕು ಲಾರಿಯ ಚಾಲಕನ ಕಣ್ಣಿಗೇ ಮರಳುತ್ತದೆ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವ ಬಗೆಯೂ ಇಂಥದೇ. ಅಲ್ಪ ಬೆಲೆಯ ಇಂತಹ ಪಟ್ಟಿಯನ್ನು ಮೋಟಾರ್ ಸೈಕಲ್ಲಿನ ಹಿಂಭಾಗಕ್ಕೂ ಟ್ರ್ಯಾಕ್ಟರಿನ ಟ್ರೇಲರಿಗೂ ಅಂಟಿಸದಿರುವುದು ಬಡತನದಿಂದಲ್ಲ, ಉದಾಸೀನದಿಂದ. ದಾರಿಯ ಮೇಲೆ ಬೆಳಕಿಲ್ಲದೆ ನಿಂತ ಟ್ರೇಲರ್ ಸವಾರನ ಪಾಲಿಗೆ ಗೋಡೆಯೇ ಸರಿ.

ಸವಾರನೇ ಹೊಳೆಯಬೇಕು, ಸವಾರನೇ ದೀಪ ಉರಿಸಬೇಕು ಎನ್ನುವುದು ದುರ್ಬಲನ ಮೇಲೆಯೇ ಹೊರೆ ಹೊರಿಸಿದಂತಲ್ಲವೆ ಎಂಬ ಆಕ್ಷೇಪಣೆ ಇದೆ. ಆಕ್ಷೇಪಣೆಯಲ್ಲಿ ನ್ಯಾಯವಿದೆ. ಕಾಣಿಸಿಕೊಳ್ಳುವುದು ಸವಾರನ ಕರ್ತವ್ಯವಾದರೆ ಕಾಣುವುದು ಚಾಲಕನ ಕರ್ತವ್ಯ. ಹೆದ್ದಾರಿಯಿಂದ ಹಳ್ಳಿಯ ದಾರಿಗೆ ಬಲಕ್ಕೆ ತಿರುಗುವ ಮುನ್ನ ಚಾಲಕನು ಒಮ್ಮೆ ನೋಡಿದರೆ ಸಾಲದು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ದ್ವಿಚಕ್ರ ವಾಹನವು ಬರುತ್ತಿರಬಹುದೆಂಬ ಎಣಿಕೆಯಿಂದಲೇ ಎರಡನೆಯ ಬಾರಿ ನೋಡಬೇಕು. "ನನಗೆ ಕಾಣಲಿಲ್ಲ" ಎಂಬುದು ವಿವರಣೆಯಾಗಬಹುದೇ ಹೊರತು ಸಮರ್ಥನೆಯಾಗಲಾರದು. ಹಾಗೆಯೇ ಸವಾರನಿಗೂ ದೀಪವು ಕವಚವಲ್ಲ. ಹೊಳೆಯುವ ಉಡುಪನ್ನು ನಂಬಿ ವೇಗ ಹೆಚ್ಚಿಸುವವನು ಅದರ ಪ್ರಯೋಜನವನ್ನೆಲ್ಲ ಕಳೆದುಕೊಳ್ಳುತ್ತಾನೆ. ಕಣ್ಣು ಕುಕ್ಕುವ ದೀಪಗಳನ್ನು ಜೋಡಿಸುವವನಂತೂ ತಾನು ಕಾಣಿಸಿಕೊಳ್ಳುವ ಭರದಲ್ಲಿ ಎದುರಿನವನನ್ನು ಕುರುಡನನ್ನಾಗಿಸುತ್ತಾನೆ. ಎಲ್ಲರಿಗೂ ಕಾಣುವಂತೆ ಸಿದ್ಧನಾಗಿ, ಯಾರಿಗೂ ಕಾಣುತ್ತಿಲ್ಲವೆಂಬಂತೆ ಎಚ್ಚರದಿಂದ ಸಾಗುವವನೇ ಜಾಣ ಸವಾರ.

ಗೇರುಳ್ಳ ಮೋಟಾರ್ ಸೈಕಲ್ ನಡೆಸಲು ಹದಿನೆಂಟು ವರ್ಷ ತುಂಬಿರಬೇಕು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಆ ಹಕ್ಕು ಇನ್ನೂ ಬಂದಿಲ್ಲ. ಆದರೆ ಕರ್ತವ್ಯವು ಆಗಲೇ ಬಂದಿದೆ. ತಂದೆ ಹೊರಡುವ ಮುನ್ನ ದೀಪಗಳ ಮೇಲಿನ ಕೆಸರನ್ನು ಒರೆಸುವುದು, ಬ್ರೇಕ್ ಒತ್ತಿದಾಗ ಹಿಂದೀಪ ಹೊತ್ತುವುದೇ ಎಂದು ನೋಡುವುದು, ತನ್ನ ಸೈಕಲ್ಲಿಗೂ ಮನೆಯ ಟ್ರೇಲರಿಗೂ ಪಟ್ಟಿ ಅಂಟಿಸುವುದು, ಹಿಂದೆ ಕುಳಿತಾಗ ತಾನೂ ಶಿರಸ್ತ್ರಾಣ ಧರಿಸುವುದು: ಇವು ಯಾವ ಪರವಾನಗಿಯನ್ನೂ ಬೇಡದ ಕೆಲಸಗಳು.

ಪರರ ಕಣ್ಣಿಗೆ ಬೀಳಬೇಕೆಂಬ ಆಸೆಯನ್ನು ಹಿರಿಯರು ಆಡಂಬರವೆಂದು ಹಳಿಯುತ್ತಾರೆ. ರಸ್ತೆಯಲ್ಲಿ ಮಾತ್ರ ಅದು ಆಡಂಬರವಲ್ಲ, ಸೌಜನ್ಯ. "ನಾನು ಇಲ್ಲಿದ್ದೇನೆ, ನೋಡಿ ಬನ್ನಿ" ಎಂದು ಬಂಡಿಯ ಲಾಟೀನು ಸದ್ದಿಲ್ಲದೆ ಹೇಳುತ್ತಿತ್ತು. ಬಂಡಿ ಹೋಗಿ ಮೋಟಾರ್ ಸೈಕಲ್ ಬಂದರೂ ಆ ಮಾತನ್ನು ಹೇಳುವ ಅಗತ್ಯ ಹೋಗಿಲ್ಲ. ಕೇಳಿಸಿಕೊಳ್ಳುವ ಅಗತ್ಯವೂ ಹೋಗಿಲ್ಲ.